ಗೋಡೌನಿನ ತೂಕ ಆಫೀಸಿಗೆ ಸರಿಯಾಗಿ ಬರುತ್ತಿಲ್ಲ: ಶೇರ್ಡ್ ಫೋಲ್ಡರ್, ಸಾಕೆಟ್, ಎಂಕ್ಯೂಟಿಟಿ, ಯಾವುದನ್ನು ಹಿಡಿಯಲಿ?

ಸಾಗರದ ಅಡಿಕೆ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಮ್ಮ ಮನೆಯವರದ್ದು ಒಂದು ಅಡಿಕೆ ಮಂಡಿ. ಹಿಂದಿನ ಗೋಡೌನಿನಲ್ಲಿ ತೂಕ, ಮುಂದಿನ ಆಫೀಸಿನಲ್ಲಿ ಪಟ್ಟಿ, ಅಂದರೆ ರೈತರ ಲೆಕ್ಕದ ಬಿಲ್ಲು. ಮೊದಲೆಲ್ಲ ತೂಕವನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಳ ದಾಟಿ ತರುತ್ತಿದ್ದರು. ಮಳೆಗಾಲದಲ್ಲಿ ಚೀಟಿ ಒದ್ದೆಯಾದರೆ 6 ಯಾವುದು, 8 ಯಾವುದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದೆ.

ಈಗ ಹೀಗಿದೆ. ಎಲೆಕ್ಟ್ರಾನಿಕ್ ತಕ್ಕಡಿಯ ಸೀರಿಯಲ್ ಕೇಬಲ್ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹೋಗುತ್ತದೆ, ವೇಗ 9600 ಬಾಡ್. ಪೈಥಾನ್ ಪ್ರೋಗ್ರಾಂ ತೂಕ ಓದಿ, ಆಫೀಸಿನ ವಿಂಡೋಸ್ ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿರುವ ಎಸ್‌ಕ್ಯೂಲೈಟ್ ಫೈಲಿಗೆ (ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ) ಬರೆಯುತ್ತದೆ. ಪಟ್ಟಿ ಮಾಡುವ ಪ್ರೋಗ್ರಾಂ ಅದೇ ಫೈಲನ್ನು ಓದುತ್ತದೆ. ರೈತರಿಗೆ ಕಾಣಲಿ ಎಂದು ಗೋಡೌನಿನ ಬಾಗಿಲ ಹತ್ತಿರ ಒಂದು ಟೀವಿ ಇಟ್ಟಿದ್ದೇವೆ. ಅದಕ್ಕೆ ಹಳೇ ಲ್ಯಾಪ್‌ಟಾಪ್ ಜೋಡಿಸಿದ್ದೇನೆ, ಅದು ವೈಫೈಯಲ್ಲಿದೆ. ತೂಕ ಅಲ್ಲೂ ಬರಬೇಕು.

ಚೀಲಗಳು ಒಂದರ ಹಿಂದೆ ಒಂದು ಬರುವಾಗ "ಡೇಟಾಬೇಸ್ ಈಸ್ ಲಾಕ್ಡ್" ಎಂದು ಪ್ರೋಗ್ರಾಂ ನಿಂತುಬಿಡುತ್ತದೆ. ಕರೆಂಟು ಹೋಗಿ ಬಂದ ಮೇಲೆ ನೋಡಿದರೆ ಕೆಲವು ಚೀಲಗಳ ತೂಕವೇ ಇರುವುದಿಲ್ಲ. ರೈತರ ದುಡ್ಡಿನ ವಿಷಯ ಇದು, ಒಂದು ಚೀಲ ಕೂಡ ಹೆಚ್ಚು ಕಮ್ಮಿ ಆಗಬಾರದು.

ಎರಡು ಪ್ರೋಗ್ರಾಂ ನೆಟ್‌ವರ್ಕಿನಲ್ಲಿ ನೇರ ಮಾತಾಡುವ ಟಿಸಿಪಿ ಸಾಕೆಟ್ ಮಾಡು ಅಂತ ಗೆಳೆಯರೊಬ್ಬರು ಹೇಳಿದರು. ಪೈಯಲ್ಲಿ ಸರ್ವರ್ ಬರೆದೆ. ಪೈಯಲ್ಲೇ ಕೂತು ಪರೀಕ್ಷಿಸಿದರೆ ಸರಿ ಇದೆ. ಆಫೀಸಿನಿಂದ ಸೇರಲು ಹೋದರೆ "ಕನೆಕ್ಷನ್ ರಿಫ್ಯೂಸ್ಡ್". ಯಂತ್ರ ಇದೆಯೇ ಎಂದು ಕೇಳುವ ಪಿಂಗ್ ಮಾಡಿದರೆ ಮಾತ್ರ ಉತ್ತರ ಬರುತ್ತದೆ. ಸಂದೇಶ ಕಳಿಸುವ ಬೇರೆ ಪದ್ಧತಿಗಳಾದ ಎಂಕ್ಯೂಟಿಟಿ, ಎಚ್‌ಟಿಟಿಪಿ ಎಂದೆಲ್ಲ ಓದಿ ತಲೆ ಕೆಟ್ಟು ಹೋಗಿದೆ. ದಾರಿ ತೋರಿಸಿ.

ಕೊಪ್ಪದ ಕೇಬಲ್

ಆಫೀಸಿನ ಕಂಪ್ಯೂಟರಿಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್ ಹಾಕಿ, ಪೈಯಿಂದ ನೇರ ಅದಕ್ಕೇ ಬರೆಯಿರಿ. ಲಾಕ್ ತಲೆಬಿಸಿ ಮುಗಿಯಿತು.

ತುಂಗಾತೀರ

ಲಾಕ್ ತೊಂದರೆ ಹೋಗುತ್ತದೆ, ನಿಜ. ಕರೆಂಟಿನ ತೊಂದರೆ ಹಾಗೇ ಉಳಿಯುತ್ತದೆ. ಆಫೀಸಿನ ಕಂಪ್ಯೂಟರ್ ಆಫ್ ಆಗಿದೆ, ತಕ್ಕಡಿ ಮಾತ್ರ ಬ್ಯಾಟರಿಯಲ್ಲಿ ನಡೀತಾ ಇದೆ ಎಂದುಕೊಳ್ಳಿ. ಆಗ ತೂಗಿದ ಚೀಲದ ಲೆಕ್ಕ ಎಲ್ಲಿ ಕೂರಬೇಕು? ಮಲೆನಾಡಿನಲ್ಲಿ ನೆಟ್‌ವರ್ಕ್ ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಯಾವುದು ಫಾಸ್ಟ್ ಅನ್ನುವುದು ಆಮೇಲೆ. ಒಂದು ಚೀಲದ ತೂಕ ಎಂದರೆ ನೂರು ಬೈಟ್ ಕೂಡ ಇಲ್ಲ. ಯಾವ ದಾರಿ ಹಿಡಿದರೂ ವೇಗ ಸಾಕಾಗುತ್ತದೆ. ನಡುವೆ ಲೈನ್ ಕಡಿದಾಗ ಏನಾಗುತ್ತದೆ ಎಂಬುದನ್ನು ನೋಡಿಯೇ ದಾರಿ ಆರಿಸಿ.

ಶೇರ್ಡ್ ಫೋಲ್ಡರಿನಲ್ಲಿ ಎಸ್‌ಕ್ಯೂಲೈಟ್ ಫೈಲ್ ಇಡುವುದನ್ನು ಇವತ್ತೇ ನಿಲ್ಲಿಸಿ. ಎಸ್‌ಕ್ಯೂಲೈಟ್ ಪೂರ್ತಿ ನಂಬಿರುವುದು, ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಫೈಲ್ ಲಾಕನ್ನು. ನೆಟ್‌ವರ್ಕ್ ಫೋಲ್ಡರಿನಲ್ಲಿ ಆ ಲಾಕ್ ಸರಿಯಾಗಿ ಕೆಲಸ ಮಾಡುತ್ತದೆ ಎಂಬ ಭರವಸೆ ಇಲ್ಲ. ಎಸ್‌ಕ್ಯೂಲೈಟ್ ಬರೆದವರೇ ತಮ್ಮ ದಾಖಲೆಯಲ್ಲಿ ಈ ಎಚ್ಚರಿಕೆ ಕೊಟ್ಟಿದ್ದಾರೆ. ಬದಲಾವಣೆಯನ್ನು ಮೊದಲು ಬೇರೆ ಫೈಲಿನಲ್ಲಿ ಬರೆಯುವ ವಾಲ್ (WAL) ಮೋಡ್ ಹಾಕಿದರೆ ಸರಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ಮೋಡಿನಲ್ಲಿ ಫೈಲ್ ಬಳಸುವ ಪ್ರೋಗ್ರಾಂಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿ ಇರಲೇಬೇಕು. ಇವತ್ತು ಲಾಕ್ ಎಂದು ನಿಂತಿದೆ, ನಾಳೆ ಫೈಲೇ ಹಾಳಾಗಬಹುದು.

ಇನ್ನು "ರಿಫ್ಯೂಸ್ಡ್" ವಿಷಯ. ಆ ಕಡೆಯ ಯಂತ್ರ ಸಿಕ್ಕಿದೆ, ಈ ಪೋರ್ಟಿನಲ್ಲಿ (ಪ್ರೋಗ್ರಾಂ ಕಾಯುವ ಬಾಗಿಲ ನಂಬರ್) ಕೇಳುವವರು ಯಾರೂ ಇಲ್ಲ ಎಂದು ಅದೇ ಹೇಳುತ್ತಿದೆ. ಅಂದರೆ ಕೇಬಲ್ ಸರಿ ಇದೆ, ಐಪಿಯೂ (ನೆಟ್‌ವರ್ಕ್ ವಿಳಾಸ) ಸರಿ ಇದೆ. ಸರ್ವರನ್ನು ಯಾವ ವಿಳಾಸಕ್ಕೆ ಬೈಂಡ್ ಮಾಡಿದ್ದೀರಿ, ಅಂದರೆ ಕಟ್ಟಿದ್ದೀರಿ, ನೋಡಿ. 127.0.0.1 ಎಂದಿದ್ದರೆ ಅದು ಪೈ ಒಳಗಿನವರಿಗೆ ಮಾತ್ರ ತೆರೆದ ಬಾಗಿಲು. 0.0.0.0 ಮಾಡಿ, ಆಗ ಹೊರಗಿನವರಿಗೂ ತೆರೆಯುತ್ತದೆ. ಹಾಗೆ ಮಾಡಿದ ಮೇಲೆ ಆಫೀಸಿನಲ್ಲಿ ಏನು ಬರುತ್ತದೆ ಎಂದು ಇಲ್ಲಿ ಹಾಕಿ. ಗೋಡೌನಿನಿಂದ ಆಫೀಸಿಗೆ ಕೇಬಲ್ ಹೇಗೆ ಬಂದಿದೆ, ಎಷ್ಟು ಉದ್ದ, ಅದನ್ನೂ ಬರೆಯಿರಿ.

ಸಾಗರದ ಅಡಿಕೆ

ಅಕ್ಕ, 127.0.0.1 ಅಂತಲೇ ಇತ್ತು. ಬದಲಾಯಿಸಿದ ಕೂಡಲೇ ಸೇರಿತು. ಆದರೆ ಈಗ ಇನ್ನೊಂದು. ನಿಧಾನ ತೂಗಿದರೆ ಸರಿ ಬರುತ್ತದೆ. ಎರಡು ಚೀಲ ಬೇಗ ಬೇಗ ಇಟ್ಟರೆ ಆಫೀಸಿನಲ್ಲಿ 48.2551.10 ಎಂದು ಬರುತ್ತದೆ. ಒಮ್ಮೊಮ್ಮೆ ಮೊದಲು 48. ಬಂದು, ಸ್ವಲ್ಪ ತಡೆದು 25 ಬರುತ್ತದೆ. ನಾನು ಕಳಿಸುವುದು 48.25 ಒಂದು ಸಲ, 51.10 ಒಂದು ಸಲ.

ಕೇಬಲ್ ಸುಮಾರು 60 ಮೀಟರ್. ಅಂಗಳದ ಮೇಲೆ ಕಂಬದಿಂದ ಕಂಬಕ್ಕೆ ಎಳೆದಿದ್ದೇವೆ.

ತುಂಗಾತೀರ

ಟಿಸಿಪಿ ಕೆಲಸ ಮಾಡುವುದೇ ಹಾಗೆ. ನೀವು ಎಷ್ಟು ಸಲ ಕಳಿಸಿದಿರಿ ಎಂಬ ಲೆಕ್ಕವನ್ನು ಅದು ಇಟ್ಟುಕೊಳ್ಳುವುದಿಲ್ಲ. ಬೈಟುಗಳು ಕಳಿಸಿದ ಕ್ರಮದಲ್ಲೇ ಹೋಗುತ್ತವೆ, ಅಷ್ಟೇ. ಅಡಿಕೆ ದಂಬೆಯಲ್ಲಿ ಹರಿಯುವ ನೀರಿಗೆ ಇದು ಮೊದಲ ಕೊಡದ್ದು, ಇದು ಎರಡನೇ ಕೊಡದ್ದು ಎಂಬ ಗುರುತು ಎಲ್ಲಿರುತ್ತದೆ? ಗಡಿ ನೀವೇ ಹಾಕಬೇಕು. ಪ್ರತಿ ತೂಕದ ಕೊನೆಗೆ ಹೊಸ ಸಾಲಿನ ಗುರುತು ಹಾಕಿ. ಈ ಕಡೆ ಬಂದದ್ದನ್ನೆಲ್ಲ ಬಫರಿನಲ್ಲಿ (ತಾತ್ಕಾಲಿಕ ಜಾಗ) ಕೂಡಿಸುತ್ತಾ ಹೋಗಿ, ಪೂರ್ತಿ ಸಾಲು ಆದಾಗ ಮಾತ್ರ ಓದಿ. ಒಂದು ಸಲ ಓದಿದರೆ ಒಂದು ಸಂದೇಶ ಬರುತ್ತದೆ ಎಂದು ನಂಬಿ ಬರೆದ ಪ್ರೋಗ್ರಾಂ ಮೇಜಿನ ಮೇಲೆ ಚೆನ್ನಾಗಿ ಓಡುತ್ತದೆ, ಜನ ಜಾಸ್ತಿ ಇರುವ ದಿನವೇ ಕೈ ಕೊಡುತ್ತದೆ.

ಆದರೂ ನಿಮ್ಮ ಕೆಲಸಕ್ಕೆ ನೇರ ಸಾಕೆಟ್ ಬೇಡ ಅಂತಲೇ ನಾನು ಹೇಳುವುದು. ಒಂದು ಕಾರಣ ನೋಡಿ. ಸಂಪರ್ಕ ಕೂಡಿರುವಾಗಲೇ ಗೋಡೌನಿನಲ್ಲಿ ಕರೆಂಟು ಹೋಯಿತು. ಪೈಗೆ "ಹೋಗಿ ಬರ್ತೇನೆ" ಎಂದು ಹೇಳಲು ಸಮಯವೇ ಸಿಗುವುದಿಲ್ಲ. ಸುಮ್ನೆ ಕಾಯುತ್ತಿರುವ ಆಫೀಸಿನ ಪ್ರೋಗ್ರಾಂ ಸಂಪರ್ಕ ಇನ್ನೂ ಇದೆ ಅಂತಲೇ ತಿಳಿದಿರುತ್ತದೆ. ಆ ಕಡೆ ಇದ್ದಾರೆಯೇ ಎಂದು ವಿಚಾರಿಸುವ ಕೀಪ್‌ಅಲೈವ್ ಆನ್ ಮಾಡಿದರೂ, ವಿಂಡೋಸಿನಲ್ಲಾಗಲಿ ಲಿನಕ್ಸಿನಲ್ಲಾಗಲಿ ಮೊದಲ ವಿಚಾರಣೆ ಹೋಗುವುದು ಮಾಮೂಲಿಯಾಗಿ 2 ಗಂಟೆಯ ನಂತರ. ಅದನ್ನು ಇಳಿಸಬಹುದು. ಆಮೇಲೆ ಮತ್ತೆ ಸೇರುವುದು, ಎಲ್ಲಿಗೆ ನಿಂತಿತ್ತು ಎಂದು ಹುಡುಕುವುದು, ಎಲ್ಲವನ್ನೂ ನೀವೇ ಬರೆಯಬೇಕಾಗುತ್ತದೆ.

ನಿಮ್ಮಲ್ಲಿ ಎರಡು ಜಾತಿಯ ಸುದ್ದಿ ಇದೆ, ಎರಡನ್ನೂ ಒಂದೇ ದಾರಿಯಲ್ಲಿ ಕಳಿಸಲು ಹೋಗಬೇಡಿ. ಪಟ್ಟಿಗೆ ಹೋಗುವ ತೂಕ ಕಳೆಯಬಾರದು, ಎರಡು ಸಲವೂ ಬರಬಾರದು, ಹತ್ತು ನಿಮಿಷ ತಡವಾದರೆ ಪರವಾಗಿಲ್ಲ. ಟೀವಿಯ ತೂಕ ತಡವಾಗಬಾರದು, ನಡುವೆ ಒಂದೆರಡು ಕಳೆದರೂ ನಡೆಯುತ್ತದೆ.

ಪಟ್ಟಿಯ ತೂಕಕ್ಕೆ ಹೀಗೆ ಮಾಡಿ. ಪೈ ಒಳಗೇ, ಅದರ ಸ್ವಂತ ಕಾರ್ಡಿನ ಮೇಲೆ ಒಂದು ಎಸ್‌ಕ್ಯೂಲೈಟ್ ಫೈಲ್ ಇರಲಿ. ತೂಕ ಮೊದಲು ಅಲ್ಲಿ ಬರೆಯಬೇಕು, ಪ್ರತಿ ತೂಕಕ್ಕೂ ಏರುತ್ತಾ ಹೋಗುವ ಒಂದು ನಂಬರ್ ಇರಬೇಕು. ಇನ್ನೊಂದು ಸಣ್ಣ ಪ್ರೋಗ್ರಾಂ ಕಳಿಸದೆ ಉಳಿದದ್ದನ್ನು ಒಂದೊಂದಾಗಿ ಎಚ್‌ಟಿಟಿಪಿ ಪೋಸ್ಟ್ (ಬ್ರೌಸರ್ ಫಾರ್ಮ್ ಕಳಿಸುವ ಬಗೆ) ಮೂಲಕ ಆಫೀಸಿಗೆ ಕಳಿಸಲಿ, 5 ಸೆಕೆಂಡ್ ಟೈಮ್‌ಔಟ್ ಸಾಕು. ಆಫೀಸಿನ ಕಡೆಯವನು ತನ್ನ ಡೇಟಾಬೇಸಿನಲ್ಲಿ ಬರೆದು, ಕಮಿಟ್ ಆದ (ಬರೆದದ್ದು ಖಾಯಂ ಆದ) ಮೇಲೆಯೇ ಸರಿ ಎನ್ನಬೇಕು. ಉತ್ತರ ಬಂದರೆ ಪೈ ಗುರುತು ಹಾಕಿಕೊಳ್ಳುತ್ತದೆ. ಬಾರದಿದ್ದರೆ ಅದೇ ನಂಬರಿನಲ್ಲಿ ಮತ್ತೆ ಕಳಿಸುತ್ತದೆ.

ಆ ನಂಬರ್ ಏಕೆ ಬೇಕು? ತೂಕ ಆಫೀಸಿಗೆ ತಲುಪಿತು, ಬರೆದೂ ಆಯಿತು, "ಸರಿ" ಎಂಬ ಉತ್ತರ ವಾಪಸ್ ಬರುವಾಗ ಲೈನ್ ಹೋಯಿತು. ಪೈಗೆ ಅದು ಗೊತ್ತಾಗುವುದಿಲ್ಲ, ಮತ್ತೆ ಕಳಿಸುತ್ತದೆ. ಆಫೀಸಿನ ಟೇಬಲಿನಲ್ಲಿ ಆ ನಂಬರಿಗೆ ಯೂನಿಕ್ ಎಂದು ಕಟ್ಟು ಹಾಕಿದ್ದರೆ ಎರಡನೇ ಸಲ ಅದು ಒಳಗೆ ಹೋಗುವುದಿಲ್ಲ. ಆಗಲೂ ಆಫೀಸು "ಸರಿ" ಎಂದೇ ಹೇಳಬೇಕು. ತಪ್ಪು ಎಂದು ಹೇಳಿದರೆ ಪೈ ಅದೇ ಚೀಲಕ್ಕೆ ಅಂಟಿಕೊಂಡು ನಿಲ್ಲುತ್ತದೆ.

ಸಮಯವನ್ನು ನಂಬರಾಗಿ ಬಳಸಬೇಡಿ. ಪೈ 4 ಮತ್ತು ಅದಕ್ಕಿಂತ ಹಳೆಯ ಪೈಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟು ಬಂದಾಗ ಇಂಟರ್‌ನೆಟ್ ಇನ್ನೂ ಬಂದಿರದಿದ್ದರೆ ಅದರ ಗಡಿಯಾರ ಹಿಂದೆಯೇ ಇರುತ್ತದೆ. ಬೇಕಿದ್ದರೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿ.

ಕೊಪ್ಪದ ಕೇಬಲ್

ಇಷ್ಟೆಲ್ಲ ಕೈಯಲ್ಲಿ ಬರೆಯುವುದು ಎಂತಕ್ಕೆ ಮಾರಾಯ್ರೆ? ಎಂಕ್ಯೂಟಿಟಿ ಇರುವುದೇ ಇದಕ್ಕೆ. 1999ರಲ್ಲಿ ಅದನ್ನು ಮಾಡಿದ್ದೇ ತೈಲ ಪೈಪ್‌ಲೈನುಗಳ ಮೇಲೆ ಕಣ್ಣಿಡಲು, ಉಪಗ್ರಹದ ದುಬಾರಿ ಲೈನಿನ ಮೇಲೆ. ಲೈನ್ ಕಡಿಯುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಟ್ಟಿದ್ದಾರೆ. ಸಂದೇಶ ಪಡೆದು ಹಂಚುವ ಮಸ್ಕಿಟೊ ಬ್ರೋಕರ್ ಹಾಕಿ, ಕ್ಯೂಓಎಸ್ (ತಲುಪಿಸುವ ಭರವಸೆಯ ಮಟ್ಟ) 1 ಇಟ್ಟರೆ ಆಯಿತು.

ತುಂಗಾತೀರ

ಎಂಕ್ಯೂಟಿಟಿ ಒಳ್ಳೆಯದೇ. ತೋಟದ ತುಂಬ ಸೆನ್ಸರ್ ಇಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇಲ್ಲಿ ಒಂದು ವಿಷಯ ಗಮನಿಸಿ. ಕ್ಯೂಓಎಸ್ 1ರಲ್ಲಿ ಪೈಗೆ ಸಿಗುವ ಒಪ್ಪಿಗೆ ಬ್ರೋಕರಿನದ್ದು. ಪಟ್ಟಿ ಪ್ರೋಗ್ರಾಂ ಬರೆದುಕೊಂಡಿತು ಎಂದು ಅದರ ಅರ್ಥ ಅಲ್ಲ. ಬ್ರೋಕರ್ ಕೈಯಲ್ಲಿ ಇರುವಾಗಲೇ ಆ ಕಂಪ್ಯೂಟರಿನ ಕರೆಂಟು ಹೋದರೆ, ಡಿಸ್ಕಿಗೆ ಬರೆದಿಡುವ ಪರ್ಸಿಸ್ಟೆನ್ಸ್ ಹಾಕಿರದಿದ್ದರೆ, ತೂಕ ಹೋಯಿತು. ಜೊತೆಗೆ ಕ್ಯೂಓಎಸ್ 1 ಎಂದರೆ "ಒಂದು ಸಲವಾದರೂ", ಅಂದರೆ ಎರಡು ಸಲ ಬರಲೂಬಹುದು. ನಂಬರ್ ಅಲ್ಲೂ ಬೇಕೇ ಬೇಕು. ಪೈಯಲ್ಲಿ ಫೈಲೂ ಬೇಕು. ಅಷ್ಟೆಲ್ಲ ಮಾಡಿದ ಮೇಲೆ ನಡುವೆ ಇನ್ನೊಂದು ಪ್ರೋಗ್ರಾಂ ಸಾಕುವುದು ಒಂದು ತಕ್ಕಡಿ, ಒಂದು ಆಫೀಸಿಗೆ ಜಾಸ್ತಿ ಅಲ್ವಾ?

ಮುಂದೆ ನಾಲ್ಕೈದು ತಕ್ಕಡಿ ಬಂದು, ಕೇಳುವವರೂ ಹೆಚ್ಚಾದರೆ ಆಗ ಅದು ಸರಿ. ಹಾಕುವವರಿಗೆ ಒಂದು ಮಾತು: ಮಸ್ಕಿಟೊ 2.0ರಿಂದ ಈಚೆಗೆ ಕಾನ್ಫಿಗ್ ಇಲ್ಲದೆ ಶುರು ಮಾಡಿದರೆ ಅದು ಅದೇ ಯಂತ್ರದೊಳಗಿನವರಿಗೆ ಮಾತ್ರ ಸಿಗುತ್ತದೆ. 1883 ಪೋರ್ಟಿಗೆ ಲಿಸನರ್ ಸಾಲು ಬರೆದು, ಪಾಸ್‌ವರ್ಡ್ ಫೈಲ್ ತೋರಿಸಬೇಕು. ಇಲ್ಲದಿದ್ದರೆ ಮೇಲಿನ 127.0.0.1 ಕಥೆಯೇ ಮತ್ತೆ.

ಸಾಗರದ ಅಡಿಕೆ

ಅಕ್ಕ ಹೇಳಿದ ಹಾಗೆ ಪೈಯಲ್ಲಿ ಫೈಲ್, ಆಫೀಸಿನಲ್ಲಿ ಸಣ್ಣ ಎಚ್‌ಟಿಟಿಪಿ ಸರ್ವರ್ ಮಾಡಿದೆ. ಬೈಂಡ್ 0.0.0.0 ಅಂತಲೇ ಇದೆ. ಆಫೀಸಿನ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಪೈಯಿಂದ ಕಳಿಸಿದರೆ ಈ ಸಲ ರಿಫ್ಯೂಸ್ಡ್ ಇಲ್ಲ, ಸುಮ್ನೆ ಕಾದು ಕಾದು ಟೈಮ್‌ಔಟ್ ಆಗುತ್ತದೆ.

ತುಂಗಾತೀರ

ಉತ್ತರವೇ ಇಲ್ಲ ಎಂದರೆ ಯಾರೋ ನಡುವೆ ನುಂಗುತ್ತಿದ್ದಾರೆ. ವಿಂಡೋಸ್ ಫೈರ್‌ವಾಲ್ ನೋಡಿ. ಆ ನೆಟ್‌ವರ್ಕ್ "ಪಬ್ಲಿಕ್" ಎಂದಿದ್ದರೆ "ಪ್ರೈವೇಟ್" ಮಾಡಿ, ಆಮೇಲೆ ಆ ಒಂದು ಪೋರ್ಟಿಗೆ ಮಾತ್ರ ಒಳಬರುವ ನಿಯಮ ಸೇರಿಸಿ. ಫೈರ್‌ವಾಲನ್ನೇ ಆಫ್ ಮಾಡಿ ಎನ್ನುವವರ ಮಾತು ಕೇಳಬೇಡಿ, ಪಟ್ಟಿ ಇರುವ ಕಂಪ್ಯೂಟರ್ ಅದು.

ರೂಟರಿಗೆ ಹೋಗಿ ಪೈಗೂ ಆಫೀಸಿನ ಕಂಪ್ಯೂಟರಿಗೂ ಡಿಎಚ್‌ಸಿಪಿ ರಿಸರ್ವೇಷನ್ ಮಾಡಿಬಿಡಿ, ಅಂದರೆ ಯಾವಾಗಲೂ ಅದೇ ಐಪಿ ಸಿಗುವಂತೆ ಕಾದಿರಿಸಿ. ಕರೆಂಟು ಹೋಗಿ ಬಂದಾಗ ಐಪಿ ಅದಲು ಬದಲಾದರೆ ಪೈ ಬೇರೆ ಯಾರದ್ದೋ ಬಾಗಿಲು ತಟ್ಟುತ್ತಿರುತ್ತದೆ.

ಕೇಬಲ್ ಬಗ್ಗೆ. 60 ಮೀಟರ್ ತೊಂದರೆ ಇಲ್ಲ, ತಾಮ್ರದ ಈಥರ್‌ನೆಟ್ 100 ಮೀಟರ್‌ವರೆಗೆ ಸರಿ. ಆದರೆ ಅಂಗಳದ ಮೇಲೆ ಎಳೆದ ತಾಮ್ರದ ತಂತಿ ನಮ್ಮ ಕಡೆಯ ಸಿಡಿಲಿಗೆ ಆಹ್ವಾನ. ಸಿಡಿಲು ಹತ್ತಿರ ಬಿದ್ದರೂ ಸಾಕು, ಪೋರ್ಟ್ ಸುಟ್ಟು ಹೋಗುತ್ತದೆ, ಕೆಲವು ಸಲ ಜೊತೆಗೆ ಕಂಪ್ಯೂಟರೂ ಹೋಗುತ್ತದೆ. ಮುಂಗಾರಿಗೆ ಮೊದಲು ಅಲ್ಲಿಗೆ ಬೆಳಕಿನಲ್ಲಿ ಸುದ್ದಿ ಒಯ್ಯುವ ಫೈಬರ್ ಎಳೆದು, ಅದನ್ನು ಈಥರ್‌ನೆಟ್ಟಿಗೆ ಬದಲಿಸುವ ಮೀಡಿಯಾ ಕನ್ವರ್ಟರನ್ನು ಎರಡೂ ತುದಿಗೆ ಹಾಕಿಸಿ. ತಂತಿ ಒಳಗೆ ಲೋಹ ಇಲ್ಲದ ಫೈಬರನ್ನೇ ಕೇಳಿ ತೆಗೆದುಕೊಳ್ಳಿ. ಕೆಲವು ಫೈಬರಿನ ಜೊತೆ ಉಕ್ಕಿನ ಎಳೆ ಇರುತ್ತದೆ.

ಸಾಗರದ ಅಡಿಕೆ

ನೆಟ್‌ವರ್ಕ್ ಪಬ್ಲಿಕ್ ಅಂತಲೇ ಇತ್ತು. ಪ್ರೈವೇಟ್ ಮಾಡಿ ನಿಯಮ ಸೇರಿಸಿದ ಮೇಲೆ ತೂಕ ಬರಲು ಶುರುವಾಯಿತು. ಬೇಕೆಂದೇ ಆಫೀಸಿನ ಕಂಪ್ಯೂಟರ್ ಆಫ್ ಮಾಡಿ ರಾಶಿ ಎಂಬ ಬಗೆಯ ಅಡಿಕೆಯ ಒಂದು ಲಾಟು ತೂಗಿಸಿದೆ. ಆನ್ ಮಾಡಿದ ಮೇಲೆ ಎಲ್ಲ ಚೀಲವೂ ಸಾಲಾಗಿ ಬಂದವು. ಪೋಸ್ಟ್ ಹೋಗುವ ಹೊತ್ತಿಗೇ ಕೇಬಲ್ ಕಿತ್ತೂ ನೋಡಿದೆ, ಎರಡು ಸಲ ಬರಲಿಲ್ಲ. ಫೈಬರಿಗೆ ಅಪ್ಪಯ್ಯನ ಹತ್ತಿರ ಮಾತಾಡಿದ್ದೇನೆ.

ಇನ್ನು ಟೀವಿ. ಯುಡಿಪಿ ಬ್ರಾಡ್‌ಕಾಸ್ಟ್ (ಸಂಪರ್ಕ ಕೂಡಿಸದೆ ನೆಟ್‌ವರ್ಕಿನ ಎಲ್ಲರಿಗೂ ಒಮ್ಮೆಗೇ ಕಳಿಸುವುದು) ಮಾಡಿದೆ. ಕೇಬಲಿನಲ್ಲಿ ಸಲೀಸು, ಟೀವಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ ತಡೆತಡೆದು ಬರುತ್ತದೆ.

ತುಂಗಾತೀರ

ಟೀವಿಗೆ ಯುಡಿಪಿ ಸರಿಯಾದ ಆಯ್ಕೆ. ಒಂದು ಕಳಿಸಿದರೆ ಒಂದು ಇಡಿಯಾಗಿ ಬರುತ್ತದೆ, ಅಂಟಿಕೊಳ್ಳುವುದಿಲ್ಲ. ಹಳೇ ತೂಕಕ್ಕಾಗಿ ಹೊಸ ತೂಕ ಕಾಯುವುದೂ ಇಲ್ಲ. ತೊಂದರೆ ಇರುವುದು ವೈಫೈ ಮೇಲಿನ ಬ್ರಾಡ್‌ಕಾಸ್ಟಿನಲ್ಲಿ. ಒಬ್ಬರಿಗೇ ಕಳಿಸಿದ ಪ್ಯಾಕೆಟ್ ತಲುಪದಿದ್ದರೆ ವೈಫೈ ತಾನೇ ಮತ್ತೆ ಕಳಿಸುತ್ತದೆ. ಎಲ್ಲರಿಗೂ ಎಂದು ಕಳಿಸಿದ್ದಕ್ಕೆ ಆ ಉಪಚಾರ ಇಲ್ಲ, ಹೋದರೆ ಹೋಯಿತು. ನಿಮ್ಮಲ್ಲಿ ಇರುವುದು ಒಂದೇ ಟೀವಿ. ಆ ಲ್ಯಾಪ್‌ಟಾಪಿನ ಐಪಿಗೂ ರಿಸರ್ವೇಷನ್ ಮಾಡಿ, ನೇರ ಅದಕ್ಕೇ ಕಳಿಸಿ.

ಪ್ರತಿ ಪ್ಯಾಕೆಟಿಗೂ ಏರುವ ನಂಬರ್ ಹಾಕಿ. ಹಿಂದಿನದಕ್ಕಿಂತ ಚಿಕ್ಕ ನಂಬರ್ ಬಂದರೆ ಬಿಟ್ಟುಬಿಡಿ. ಪೈ ಮತ್ತೆ ಶುರುವಾದಾಗ ಆ ನಂಬರ್ 1ರಿಂದ ಹೊರಡದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಟೀವಿ ಹೊಸದನ್ನೆಲ್ಲ ಹಳೇದು ಎಂದು ಬಿಟ್ಟುಬಿಡುತ್ತದೆ. ಮುಖ್ಯವಾದದ್ದು ಇನ್ನೊಂದಿದೆ. 2 ಸೆಕೆಂಡ್ ಏನೂ ಬರದಿದ್ದರೆ ಪರದೆಯ ಮೇಲಿನ ಅಂಕಿ ಅಳಿಸಿ ಗೆರೆಗಳನ್ನು ತೋರಿಸಿ. ಲೈನ್ ಹೋದಾಗ 48.25 ಹಾಗೇ ನಿಂತಿದ್ದರೆ, ಮುಂದಿನ ಚೀಲ ಇಟ್ಟ ರೈತ ಅದನ್ನೇ ತನ್ನ ತೂಕ ಎಂದುಕೊಳ್ಳುತ್ತಾನೆ. ಆಮೇಲೆ ಪಟ್ಟಿಯಲ್ಲಿ ಬೇರೆ ಕಂಡರೆ ಮಂಡಿಯ ಮೇಲಿನ ನಂಬಿಕೆಯೇ ಹೋಗುತ್ತದೆ.

ಕೊಪ್ಪದ ಕೇಬಲ್

ಗೆರೆಗಳ ಮಾತು ಒಪ್ಪಿದೆ. ನನ್ನದೊಂದು ಸೇರಿಸುತ್ತೇನೆ: ಪೈಗೆ ಸಣ್ಣದಾದರೂ ಒಂದು ಯುಪಿಎಸ್ ಇರಲಿ. ಬರೆಯುತ್ತಿರುವಾಗಲೇ ಕರೆಂಟು ಹೋಗಿ ಹೋಗಿ ಎಸ್‌ಡಿ ಕಾರ್ಡ್ ಹಾಳಾಗುತ್ತದೆ. ಇನ್ನೂ ಕಳಿಸದ ತೂಕ ಇರುವುದು ಅದರ ಮೇಲೆಯೇ ಅಲ್ವಾ?

ಸಾಗರದ ಅಡಿಕೆ

ನೇರ ಐಪಿಗೆ ಕಳಿಸಿದ ಮೇಲೆ ಟೀವಿ ಸಲೀಸಾಗಿದೆ. ಗೆರೆ ತೋರಿಸುವುದನ್ನೂ ಹಾಕಿದೆ, ಯುಪಿಎಸ್ ತರಿಸುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ. ಆಫೀಸು "ಸರಿ" ಎಂದ ತೂಕವನ್ನು ಪೈಯಿಂದ ಅಳಿಸಲಾ?

ತುಂಗಾತೀರ

ಕೂಡಲೇ ಅಳಿಸಬೇಡಿ, ಕಳಿಸಿದೆ ಎಂಬ ಗುರುತು ಮಾತ್ರ ಹಾಕಿ. ಪ್ರತಿ ಸಂಜೆ ಬಾಗಿಲು ಹಾಕುವ ಮುಂಚೆ ಎರಡೂ ಕಡೆಯ ಚೀಲದ ಲೆಕ್ಕ ಮತ್ತು ಒಟ್ಟು ತೂಕ ತಾಳೆ ನೋಡಿ. ರೈತರಿಗೆ ದುಡ್ಡು ಸಂದಾಯವಾಗಿ, ಆಫೀಸಿನ ಡೇಟಾಬೇಸಿನ ಬ್ಯಾಕಪ್ ಬೇರೆ ಡಿಸ್ಕಿಗೆ ಹೋದ ಮೇಲೆ ಹಳೆಯದನ್ನು ತೆಗೆಯಿರಿ. ನಂಬರ್ ಮಾತ್ರ ಮತ್ತೆ 1ರಿಂದ ಶುರು ಮಾಡಬೇಡಿ. ಕಾರ್ಡ್ ಬದಲಾಯಿಸಬೇಕಾಗಿ ಬಂದರೆ, ಆಫೀಸಿನಲ್ಲಿರುವ ಕೊನೆಯ ನಂಬರ್ ನೋಡಿ ಅದರ ಮುಂದಿನಿಂದ ಹೊರಡಿಸಿ.