ಹಾಲು ಕೊಡೋ ಹಸು ಒದ್ದರೆ ಸರಿ, ಕಚ್ಚಿದರೆ?

ಕ್ಲಬ್ ಖಜಾಂಚಿ, ಬೆಂಗಳೂರು

ನಮ್ಮದು ಜಿಲ್ಲಾ ಫುಟ್‌ಬಾಲ್ ಲೀಗಿನ ಕೆಳಗಿನ ಡಿವಿಜನ್‌ನಲ್ಲಿ ಆಡುವ ಸಣ್ಣ ಕ್ಲಬ್. ಬೆಳಗ್ಗೆ 6ಕ್ಕೆ ಬಡಾವಣೆಯ ಮೈದಾನದಲ್ಲಿ ಪ್ರಾಕ್ಟೀಸ್. 8ಕ್ಕೆ ಕ್ರಿಕೆಟ್ ಹುಡುಗರು ಬಂದು ಓಡಿಸುತ್ತಾರೆ. ನಮ್ಮ ಸ್ಟ್ರೈಕರ್‌ಗೆ 20 ವರ್ಷ. ಹೋದ ಸೀಸನ್ನಿನಲ್ಲಿ ಟೀಮ್ ಹೊಡೆದ ಗೋಲುಗಳಲ್ಲಿ ಅರ್ಧ ಅವನದೇ. ಅವನ ಎಡಗಾಲಿಗೆ ಬಾಲ್ ಸಿಕ್ಕಿತು ಅಂದರೆ ನಾವು ಕೂತಲ್ಲೇ ಎದ್ದು ನಿಲ್ಲುತ್ತೇವೆ.

ಈ ವರ್ಷ ಏನಾಗಿದೆಯೋ ಗೊತ್ತಿಲ್ಲ. ಒಂದು ಪಂದ್ಯದಲ್ಲಿ ಎದುರಿನ ಡಿಫೆಂಡರ್ ಮುಖಕ್ಕೆ ಮೊಣಕೈ ಹಾಕಿ ರೆಡ್ ಕಾರ್ಡ್ ತಗೊಂಡ. ಮುಂದೆ ಇನ್ನೊಂದರಲ್ಲಿ ಕೋಚ್ ಹೊರಗೆ ಕರೆದರೆ ಜೆರ್ಸಿ ಬಿಚ್ಚಿ ನೆಲಕ್ಕೆ ಎಸೆದು ನೇರ ಬೈಕ್ ಹತ್ತಿ ಹೋದ. ಮೂರು ವಾರದಿಂದ ಪ್ರಾಕ್ಟೀಸಿಗೆ ಬಂದಿಲ್ಲ. ಈಗ ಬೇರೆ ಕ್ಲಬ್ ಕರೆದಿದೆಯಂತೆ, ಬಿಡುಗಡೆ ಪತ್ರ ಕೊಡಿ ಅಂತ ಮೆಸೇಜ್ ಹಾಕಿದ್ದಾನೆ. ಸಮಿತಿಯಲ್ಲಿ ಎರಡು ಪಾರ್ಟಿ ಆಗಿದೆ. ಹಿರಿಯರೊಬ್ಬರು "ಹಾಲು ಕೊಡೋ ಹಸು ಒದ್ದರೂ ತಡ್ಕೋಬೇಕು" ಅನ್ನುತ್ತಾರೆ. ಕೋಚ್ "ಅವನಿದ್ದರೆ ನಾನಿರಲ್ಲ" ಅನ್ನುತ್ತಾರೆ.

ನಿಮ್ಮ ಕ್ಲಬ್ಬಿನಲ್ಲಿ, ಅಥವಾ ನೀವು ವರ್ಷಗಟ್ಟಲೆ ಫಾಲೋ ಮಾಡಿದ ಕ್ಲಬ್ಬಿನಲ್ಲಿ ಇಂಥದ್ದು ನೋಡಿದ್ದರೆ ಏನಾಯ್ತು ಅಂತ ಹೇಳಿ. ಉಪದೇಶ ಬೇಡ. ಅದು ಮನೆಯಲ್ಲೇ ಸಿಗುತ್ತಿದೆ.

ಲಿವರ್‌ಪೂಲ್ ಅಭಿಮಾನಿ, ಮೈಸೂರು

ಸರ್, ಹಸು ಒದ್ದರೆ ತಡ್ಕೋಬಹುದು. ನಮ್ಮ ಹಸು ಕಚ್ಚುತ್ತಿತ್ತು.

ಸ್ಟ್ರೈಕರ್ ಲೂಯಿಸ್ ಸುವಾರೆಜ್ 2011ರ ಜನವರಿಯಲ್ಲಿ ಹಾಲೆಂಡಿನ ಆಯಾಕ್ಸ್ ಕ್ಲಬ್ಬಿನಿಂದ ನಮ್ಮ ಲಿವರ್‌ಪೂಲ್‌ಗೆ ಬಂದ. ಬೆಲೆ 2.28 ಕೋಟಿ ಪೌಂಡ್, ಜೆರ್ಸಿ ನಂಬರ್ 7. ಬರುವ ಎರಡು ತಿಂಗಳು ಮೊದಲೇ ಪಿಎಸ್‌ವಿ ತಂಡದ ಒಟ್ಮನ್ ಬಕ್ಕಲ್‌ಗೆ ಕಚ್ಚಿ 7 ಪಂದ್ಯ ಬ್ಯಾನ್ ಆಗಿದ್ದ. ಅಂದರೆ ಗೊತ್ತಿದ್ದೇ ತಂದೆವು. 2011ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಆಟಗಾರ ಪ್ಯಾಟ್ರಿಸ್ ಎವ್ರಾನ ಮೈಬಣ್ಣ ಎತ್ತಿ ನಿಂದಿಸಿದ ಆರೋಪ ಬಂತು. ತಾನು ಅವಮಾನಿಸಲು ಹೇಳಿದ್ದಲ್ಲ ಎಂದು ಸುವಾರೆಜ್ ವಾದಿಸಿದ. ಇಂಗ್ಲೆಂಡ್ ಫುಟ್‌ಬಾಲ್ ಸಂಸ್ಥೆಯ ಆಯೋಗ ಒಪ್ಪಲಿಲ್ಲ. 8 ಪಂದ್ಯ ಬ್ಯಾನ್, 40 ಸಾವಿರ ಪೌಂಡ್ ದಂಡ.

ಆಗ ನಮ್ಮವರು ಮಾಡಿದ ಕೆಲಸ ನೆನೆದರೆ ಇವತ್ತಿಗೂ ಮುಖ ಕೆಂಪಾಗುತ್ತದೆ. ತೀರ್ಪು ಬಂದ ಕೂಡಲೇ ವಿಗನ್ ಪಂದ್ಯಕ್ಕೆ ಇಡೀ ಟೀಮು ಅವನ ಚಿತ್ರ ಇದ್ದ ಟೀ ಶರ್ಟ್ ಹಾಕಿಕೊಂಡು ಮೈದಾನಕ್ಕೆ ಇಳಿಯಿತು. ಕೋಚ್ ಡಾಲ್ಗ್ಲಿಷ್ ಕೂಡ ಹಾಕಿದ್ದರು. ನಾನೂ ಇಲ್ಲಿ ಕೂತು ಚಪ್ಪಾಳೆ ತಟ್ಟಿದವನೇ. ನಮ್ಮ ಹುಡುಗ ಅಲ್ವಾ, ಬಿಟ್ಟು ಕೊಡೋಕಾಗುತ್ತಾ ಅಂತ. ಅದರ ಫಲ ಏನು? ಫೆಬ್ರವರಿಯಲ್ಲಿ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಎವ್ರಾಗೆ ಕೈ ಕುಲುಕದೆ ದಾಟಿ ಹೋದ. ಬೆನ್ನಿಗೆ ಕ್ಲಬ್ಬೇ ಇದೆ ಅನ್ನಿಸಿದರೆ ಯಾರು ತಗ್ಗುತ್ತಾರೆ? ಆ ಶರ್ಟ್ ಹಾಕಿದ್ದ ನಮ್ಮ ಆಟಗಾರ ಕ್ಯಾರಗರ್ 2019ರಲ್ಲಿ ಟಿವಿಯಲ್ಲೇ ಎವ್ರಾ ಎದುರು ತಪ್ಪಾಯ್ತು ಅಂದರು. ಎಂಟು ವರ್ಷ ಬೇಕಾಯ್ತು.

ಮುಂದಿನದು 2013ರ ಏಪ್ರಿಲ್ 21, ಭಾನುವಾರ, ಚೆಲ್ಸಿ ವಿರುದ್ಧ ನಮ್ಮ ಮೈದಾನ ಆನ್‌ಫೀಲ್ಡ್‌ನಲ್ಲಿ. ಒಂದೇ ಪಂದ್ಯದಲ್ಲಿ ಆತ ಏನೇನು ಮಾಡಿದ ನೋಡಿ. ನಮ್ಮ ಸ್ಟರಿಜ್ ಗೋಲಿಗೆ ಪಾಸ್ ಕೊಟ್ಟ. ಕೈ ತಾಗಿಸಿ ಎದುರಿನವರಿಗೆ ಪೆನಾಲ್ಟಿ ಕೊಟ್ಟ. ಚೆಲ್ಸಿಯ ಇವಾನೊವಿಚ್ ತೋಳಿಗೆ ಕಚ್ಚಿದ. ರೆಫರಿ ನೋಡಲಿಲ್ಲ. 97ನೇ ನಿಮಿಷದಲ್ಲಿ ಹೆಡ್ ಮಾಡಿ ಪಂದ್ಯ 2-2 ಮಾಡಿದ. ನಾನು ಸೋಫಾ ಮೇಲೆ ಕುಣಿದೆ, ಆಮೇಲೆ ರೀಪ್ಲೇ ನೋಡಿ ಸುಮ್ನೆ ಕೂತೆ. 10 ಪಂದ್ಯ ಬ್ಯಾನ್.

ನಿಮಗೆ ಬೇಕಾದ ಭಾಗ ಇನ್ನು ಬರುತ್ತದೆ. ಆ ಬೇಸಿಗೆಯಲ್ಲಿ ಆತ ಥೇಟ್ ನಿಮ್ಮ ಹುಡುಗನ ಹಾಗೆ, ನನ್ನನ್ನು ಬಿಡಿ ಅಂತ ಹಟ ಹಿಡಿದ. ಆರ್ಸೆನಲ್ 4 ಕೋಟಿಯ ಮೇಲೆ ಒಂದೇ ಒಂದು ಪೌಂಡ್ ಸೇರಿಸಿ ಬೆಲೆ ಕಟ್ಟಿತು. ಒಪ್ಪಂದದಲ್ಲಿ ಆ ಮೊತ್ತ ದಾಟಿದರೆ ಬಿಡಬೇಕು ಅಂತಿದೆ ಎಂದು ಅವರ ವಾದ. ಮಾತುಕತೆಗೆ ಕೂರಬೇಕು ಅಂತಷ್ಟೇ ಇದೆ ಎಂದು ನಮ್ಮ ಮಾಲೀಕರು ಕೊಡಲೇ ಇಲ್ಲ. ಕೋಚ್ ರಾಜರ್ಸ್ ಅವನನ್ನು ಟೀಮಿನಿಂದ ಬೇರೆ ಇಟ್ಟು ಒಬ್ಬನೇ ಪ್ರಾಕ್ಟೀಸ್ ಮಾಡಲಿ ಅಂದರು. ಇನ್ನೊಂದು ಕಡೆ ಕ್ಯಾಪ್ಟನ್ ಗೆರಾರ್ಡ್ ಅವನ ಜೊತೆ ಕೂತು, ಒಂದು ವರ್ಷ ಇರು, ಆರ್ಸೆನಲ್‌ಗೆ ಯಾಕೆ ಹೋಗ್ತೀಯ, ಚೆನ್ನಾಗಿ ಆಡಿದರೆ ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್‌ನಂಥವರೇ ಬರ್ತಾರೆ ಅಂತ ಬುದ್ಧಿ ಹೇಳಿದರು. ಗೆರಾರ್ಡ್ ಆಮೇಲೆ ಇದನ್ನು ತಾವೇ ಹೇಳಿಕೊಂಡಿದ್ದಾರೆ. ಕೋಚ್ ಜೊತೆ ರಾಜಿಗೂ ಅವರೇ ಕೂರಿಸಿದರು.

ಬ್ಯಾನ್ ಕಾರಣ ಮೊದಲ 5 ಲೀಗ್ ಪಂದ್ಯ ಆಡಲಿಲ್ಲ. ಉಳಿದ 33ರಲ್ಲಿ 31 ಗೋಲು, ಒಂದೂ ಪೆನಾಲ್ಟಿ ಅಲ್ಲ. ನಾವು 84 ಪಾಯಿಂಟ್, ಮ್ಯಾಂಚೆಸ್ಟರ್ ಸಿಟಿ 86. ಎರಡೇ ಎರಡು ಪಾಯಿಂಟಲ್ಲಿ ಕಪ್ ಹೋಯಿತು. ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ 3-0 ಮುಂದಿದ್ದವರು 3-3 ಆದಾಗ ಆತ ಜೆರ್ಸಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಒಂಬತ್ತು ತಿಂಗಳ ಹಿಂದೆ ಬಿಟ್ಟು ಹೋಗ್ತೀನಿ ಅಂದವನೇ.

ಎರಡು ತಿಂಗಳೂ ಆಗಿರಲಿಲ್ಲ, ವಿಶ್ವಕಪ್‌ನಲ್ಲಿ ಇಟಲಿಯ ಕಿಯೆಲ್ಲಿನಿಗೆ ಕಚ್ಚಿದ. ಮೂರನೇ ಸಲ. ನಾಲ್ಕು ತಿಂಗಳು ಫುಟ್‌ಬಾಲ್‌ನಿಂದಲೇ ದೂರ ಇಟ್ಟರು. ಆದರೂ ಆ ಜುಲೈಯಲ್ಲಿ ಬಾರ್ಸಿಲೋನಾ ಅವನನ್ನು ಕೊಂಡಿತು. ಸುಮಾರು 7.5 ಕೋಟಿ ಪೌಂಡ್ ಅಂತ ಆಗ ವರದಿಯಾಗಿತ್ತು. ಅಷ್ಟು ಬಂದದ್ದು ಯಾಕೆ ಅಂದರೆ, 2013ರ ಡಿಸೆಂಬರ್‌ನಲ್ಲಿ ಆತ ಖುಷಿಯಲ್ಲಿದ್ದಾಗಲೇ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು.

ಹಾಗಾಗಿ ನಮ್ಮವರು ಅವನನ್ನು ತಿದ್ದಿದರು ಅಂತ ನಾನು ಹೇಳಲ್ಲ. ತಿದ್ದಲಿಲ್ಲ. ಒಂದು ಒಳ್ಳೆಯ ವರ್ಷ ಪಡೆದರು, ಒಳ್ಳೆಯ ಬೆಲೆಗೆ ಕಳಿಸಿದರು.

ಯುನೈಟೆಡ್ ಹಳಬ, ಧಾರವಾಡ

ಮೈಸೂರಿನವರು ಬೆನ್ನಿಗೆ ನಿಂತಿದ್ದೇ ತಪ್ಪು ಅನ್ನೋ ಹಾಗೆ ಬರೆದಿದ್ದಾರೆ. ಬೆನ್ನಿಗೆ ನಿಲ್ಲುವುದರಲ್ಲೂ ಬೇರೆ ಬೇರೆ ಥರ ಇರ್ತದ್ರಿ.

1995ರ ಜನವರಿ 25, ಸೆಲ್ಹರ್ಸ್ಟ್ ಪಾರ್ಕ್ ಮೈದಾನ. ರೆಡ್ ಕಾರ್ಡ್ ತಗೊಂಡು ಹೊರಗೆ ಹೋಗುತ್ತಿದ್ದ ನಮ್ಮ ಎರಿಕ್ ಕಾಂಟೊನಾ, ಬೈದ ಪ್ರೇಕ್ಷಕನೊಬ್ಬನಿಗೆ ಬೇಲಿ ಹಾರಿ ಎದೆಗೆ ಒದ್ದ. ನಾನು ಆಗ ಕಾಲೇಜು. ಆ ಫೋಟೋ ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದೆ, ನಮ್ಮಪ್ಪ ನೋಡಿ "ಇಂಥವನೇನು ನಿನ್ನ ದೇವರು" ಅಂದಿದ್ದರು. ಕ್ಲಬ್ ಏನು ಮಾಡಿತು? ಫುಟ್‌ಬಾಲ್ ಸಂಸ್ಥೆ ಶಿಕ್ಷೆ ಕೊಡುವ ತನಕ ಕಾಯಲಿಲ್ಲ. ತಾನೇ ಸೀಸನ್ ಮುಗಿಯುವವರೆಗೆ ಆಡಿಸೋದಿಲ್ಲ ಅಂದಿತು, 20 ಸಾವಿರ ಪೌಂಡ್ ದಂಡ ಹಾಕಿತು. ಸಂಸ್ಥೆ ಆ ಬ್ಯಾನನ್ನು ಸೆಪ್ಟೆಂಬರ್ 30ರವರೆಗೆ ಎಳೆಯಿತು. ಕೋರ್ಟು 120 ಗಂಟೆ ಸಮುದಾಯ ಸೇವೆ ಅಂದಿತು. ಮಕ್ಕಳಿಗೆ ಫುಟ್‌ಬಾಲ್ ಕಲಿಸಿ ತೀರಿಸಿದ. ಅವನಿಲ್ಲದೆ ನಾವು ಲೀಗ್ ಸೋತೆವು, ಬ್ಲ್ಯಾಕ್‌ಬರ್ನ್ 89, ನಾವು 88. ಒಂದು ಪಾಯಿಂಟು! ಆ ಬೆಲೆ ಕೊಟ್ಟಿದ್ದೇವೆ.

ಆಗಸ್ಟ್‌ನಲ್ಲಿ ಅವನು ಬೇಸತ್ತು ಫ್ರಾನ್ಸಿಗೆ ಹೋಗಿಬಿಟ್ಟ. ಇನ್ನು ಇಂಗ್ಲೆಂಡೇ ಬೇಡ ಅಂದ. ಕೋಚ್ ಫರ್ಗುಸನ್ ಪತ್ರ ಕಳಿಸಿ ಕೂರಲಿಲ್ಲ. ತಾವೇ ಪ್ಯಾರಿಸ್‌ಗೆ ಹೋಗಿ ಎದುರು ಕೂತು ಊಟ ಮಾಡಿ ಕರ್ಕೊಂಡು ಬಂದರು. ಅಕ್ಟೋಬರ್ 1ಕ್ಕೆ ವಾಪಸು, ಲಿವರ್‌ಪೂಲ್ ವಿರುದ್ಧವೇ ಪೆನಾಲ್ಟಿ ಗೋಲು. ಆ ಸೀಸನ್ ಲೀಗೂ ಬಂತು, ಎಫ್‌ಎ ಕಪ್ಪೂ ಬಂತು. ಕಪ್ ಫೈನಲ್ಲಿನ ಒಂದೇ ಗೋಲು ಅವನದೇ, ಅದೂ ಲಿವರ್‌ಪೂಲ್‌ಗೇ. ಮೈಸೂರಿನವರು ಬೇಜಾರು ಮಾಡ್ಕೋಬಾರದು.

ಆದರೆ ಇದೇ ಫರ್ಗುಸನ್ 2005ರ ನವೆಂಬರ್‌ನಲ್ಲಿ ರಾಯ್ ಕೀನ್‌ನನ್ನು, ಹನ್ನೆರಡು ವರ್ಷ ದುಡಿದ ಕ್ಯಾಪ್ಟನ್‌ನನ್ನು, ಮನೆಗೆ ಕಳಿಸಿದರು. ಯಾಕೆ? ಕಾಂಟೊನಾ ಹೊರಗಿನವನಿಗೆ ಒದ್ದ. ಕೀನ್ ಕ್ಲಬ್ ಚಾನೆಲ್‌ನ ಸಂದರ್ಶನದಲ್ಲಿ ತನ್ನ ಜೊತೆ ಆಡುವವರನ್ನೇ ಜಾಡಿಸಿದ. ನಾನು ನೋಡಿದ ಮಟ್ಟಿಗೆ ಗೆರೆ ಅಲ್ಲಿದೆ. ಹೊಡೆದದ್ದಕ್ಕಿಂತ ಜೆರ್ಸಿ ಎಸೆದದ್ದು ದೊಡ್ಡದು.

ಸೆಂಟರ್ ಬ್ಯಾಕ್, ಆಸ್ಟಿನ್ ಟೌನ್

ಹೊಡೆದದ್ದಕ್ಕಿಂತ ಜೆರ್ಸಿ ಎಸೆದದ್ದು ದೊಡ್ಡದಾ? ಅಣ್ಣ, ಮೊಣಕೈ ತಿಂದವನ ಕಡೆಯಿಂದ ಸ್ವಲ್ಪ ನೋಡಿ.

ನಾನು ಹತ್ತು ವರ್ಷ ಡಿಫೆನ್ಸ್‌ನಲ್ಲಿ ಆಡಿದ್ದೇನೆ. ಮುಂದಿನ ಹಲ್ಲು ಒಂದು ನನ್ನದಲ್ಲ. ಹೊಡೆದವನು ಈಗಲೂ ಸಿಕ್ಕರೆ "ಏನ್ ಮಗ" ಅಂತ ಬೆನ್ನು ತಟ್ಟುತ್ತಾನೆ. ಅವನ ಕ್ಲಬ್ಬಿನವರು ಅವತ್ತು ಒಬ್ಬರೂ ಆಸ್ಪತ್ರೆಗೆ ಬರಲಿಲ್ಲ. ಡೆಂಟಿಸ್ಟ್ ಬಿಲ್ಲು ನಮ್ಮಣ್ಣ ಕಟ್ಟಿದ. ಖಜಾಂಚಿ ಸರ್ ಬರೆದದ್ದರಲ್ಲಿ ಆ ಡಿಫೆಂಡರ್ ಹೇಗಿದ್ದಾನೆ ಅಂತ ಒಂದು ಸಾಲೂ ಇಲ್ಲ. ಸಮಿತಿಯಲ್ಲಿ ಯಾರಾದರೂ ಕೇಳಿದಿರಾ?

ಇನ್ನೊಂದು ಅನುಭವ, ನನ್ನದೇ ಟೀಮಿನದು. ನಮ್ಮಲ್ಲೂ ಒಬ್ಬ ಹೀರೋ ಇದ್ದ. ಪ್ರಾಕ್ಟೀಸಿಗೆ ಬರುತ್ತಿರಲಿಲ್ಲ, ಪಂದ್ಯದ ದಿನ ಬೂಟು ನೇತಾಡಿಸಿಕೊಂಡು ಬರುತ್ತಿದ್ದ, ಆಡುತ್ತಿದ್ದ, ಗೆಲ್ಲಿಸುತ್ತಿದ್ದ. ಸಮಿತಿಯವರು ಪಾಪ ಕಣ್ಮುಚ್ಚಿಕೊಂಡರು. ನಮ್ಮ ರೈಟ್ ಬ್ಯಾಕ್ ರಾತ್ರಿ ಪಾಳಿ ಮುಗಿಸಿ ನಿದ್ದೆ ಇಲ್ಲದೆ ನೇರ ಮೈದಾನಕ್ಕೆ ಬರುತ್ತಿದ್ದ. ಒಂದು ದಿನ ಅವನು ಬರಲಿಲ್ಲ. ಆಮೇಲೆ ಗೋಲ್‌ಕೀಪರ್ ಬರಲಿಲ್ಲ. ಜಗಳ ಮಾಡಲಿಲ್ಲ, ಪತ್ರ ಕೇಳಲಿಲ್ಲ, ಸುಮ್ನೆ ಬರೋದು ಬಿಟ್ಟರು. ಹೀರೋ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ, ರೈಟ್ ಬ್ಯಾಕ್ ಹೋದದ್ದು ಮೂರು ಪಂದ್ಯ ಸೋತ ಮೇಲೆ ಗೊತ್ತಾಗಿದ್ದು.

ಸಿಟಿ ಕಡೆಯವನು, ಮಂಗಳೂರು

ದೊಡ್ಡ ದೊಡ್ಡ ತತ್ವ ಎಲ್ಲ ಬಂತು ಮಾರ್ರೆ. ನಮ್ಮದು ಸಣ್ಣ ಕತೆ.

2011ರ ಸೆಪ್ಟೆಂಬರ್, ಬಾಯರ್ನ್ ವಿರುದ್ಧ ಮ್ಯೂನಿಕ್‌ನಲ್ಲಿ. ನಮ್ಮ ಸ್ಟ್ರೈಕರ್ ಟೆವೆಜ್ ಬೆಂಚಿನಿಂದ ಎದ್ದು ಮೈದಾನಕ್ಕೆ ಇಳಿಯಲು ಒಪ್ಪಲಿಲ್ಲ ಅಂತ ಕೋಚ್ ಮಾಂಚಿನಿ ಎಲ್ಲರ ಮುಂದೆ ಹೇಳಿದರು. ಇನ್ನು ನನ್ನ ಟೀಮಿನಲ್ಲಿ ಅವನು ಆಡಲ್ಲ ಅಂದರು. ಟೆವೆಜ್ ಹಾಗೇನಿಲ್ಲ, ತಪ್ಪು ತಿಳಿದಿದ್ದೀರಿ ಅಂದ. ಅರ್ಜೆಂಟೀನಾಗೆ ಹೋಗಿ ತಿಂಗಳುಗಟ್ಟಲೆ ಗಾಲ್ಫ್ ಆಡಿಕೊಂಡಿದ್ದ. ಜನವರಿಯಲ್ಲಿ ಮಾರಲು ನೋಡಿದರು, ಮಿಲಾನ್, ಪ್ಯಾರಿಸ್ ಅಂತೆಲ್ಲ ಮಾತಾಯಿತು, ಕುದುರಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಆಡಲು ಇಳಿದ. ಚೆಲ್ಸಿ ವಿರುದ್ಧ ಬೆಂಚಿನಿಂದ ಇಳಿದು ನಸ್ರಿಯ ಗೆಲುವಿನ ಗೋಲಿಗೆ ಪಾಸ್ ಕೊಟ್ಟ. ನಾರ್ವಿಚ್‌ಗೆ ಹ್ಯಾಟ್ರಿಕ್ ಹೊಡೆದು ಗಾಲ್ಫ್ ಕೋಲು ಬೀಸಿದ ಹಾಗೆ ಆಕ್ಷನ್ ಮಾಡಿದ. ನಾಚಿಕೆಯೇ ಇಲ್ಲ! ಮೇ 13ಕ್ಕೆ ಪಾಯಿಂಟ್ ಸಮ ಆಗಿ, ಗೋಲು ವ್ಯತ್ಯಾಸದಲ್ಲಿ ನಾವು ಚಾಂಪಿಯನ್.

ಯಾರೂ ಯಾರನ್ನೂ ಕ್ಷಮಿಸಿದ್ದಲ್ಲ. ಇಬ್ಬರಿಗೂ ಬೇರೆ ದಾರಿ ಇರಲಿಲ್ಲ ಅಷ್ಟೇ. ನಿಮ್ಮ ಕೋಚ್ "ಅವನಿದ್ದರೆ ನಾನಿರಲ್ಲ" ಅಂದದ್ದನ್ನೂ ಅಷ್ಟು ಸೀರಿಯಸ್ ತಗೋಬೇಡಿ.

ಶಾಲಾ ಕೋಚ್, ಕೆಜಿಎಫ್

ನನಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಷ್ಟು ಗೊತ್ತಿಲ್ಲ. ಹುಡುಗರು ಗೊತ್ತು. ಮೂರು ವಾರ ಬಾರದವನ ಮನೆಗೆ ಯಾರು ಹೋಗಿದ್ದಿರಿ? ಅವನಿಗೆ ಕೊಡಬೇಕಾದ ಬಸ್ ಚಾರ್ಜು, ಮ್ಯಾಚ್ ಹಣ ಬಾಕಿ ಏನಾದರೂ ಇದೆಯೇ? ಖಜಾಂಚಿ ಅಂತ ಹಾಕಿಕೊಂಡಿದ್ದೀರಿ, ಅದಕ್ಕೆ ನಿಮ್ಮನ್ನೇ ಕೇಳುತ್ತಿದ್ದೇನೆ.

ಕ್ಲಬ್ ಖಜಾಂಚಿ, ಬೆಂಗಳೂರು

ಮೇಷ್ಟ್ರೇ, ಸರಿಯಾದ ಕಡೆ ಕೈ ಹಾಕಿದಿರಿ. ಎರಡು ತಿಂಗಳ ಹಣ ಬಾಕಿ ಇದೆ. ಎಲ್ಲರಿಗೂ ಬಾಕಿ ಇದೆ, ಅವನೊಬ್ಬನಿಗೇ ಅಲ್ಲ. ಪ್ರಾಯೋಜಕರು ಕೊಟ್ಟಿಲ್ಲ. ಇದನ್ನು ಮೊದಲೇ ಬರೆಯಬೇಕಿತ್ತು, ಒಪ್ಪುತ್ತೇನೆ.

ಲಿವರ್‌ಪೂಲ್ ಅಭಿಮಾನಿ, ಮೈಸೂರು

ಹಾಗಾದರೆ ಮೊದಲು ಹಣ ಕೊಡಿ, ಆಮೇಲೆ ಶಿಸ್ತಿನ ಮಾತು.

ಮೊದಲೇ ಹೇಳಬೇಕಿದ್ದ ಒಂದು ವಿಷಯ ಬಿಟ್ಟಿದ್ದೆ. ಸುವಾರೆಜ್ ಮಾರಿದ ಬೇಸಿಗೆಯಲ್ಲಿ ನಮ್ಮವರು ಕೈತುಂಬ ಜನರನ್ನು ಕೊಂಡರು. ಸ್ಟ್ರೈಕರ್ ಜಾಗಕ್ಕೆ ತಂದದ್ದು ಬಾಲೊಟೆಲ್ಲಿ. ಒಬ್ಬ ತಲೆಹರಟೆ ಹೋದ ಅಂತ ಇನ್ನೊಬ್ಬ! ಆ ಸೀಸನ್ನಿನಲ್ಲಿ ಲೀಗಿನಲ್ಲಿ ಅವನು ಹೊಡೆದದ್ದು ಒಂದೇ ಒಂದು ಗೋಲು. ಎರಡನೇ ಜಾಗದಲ್ಲಿದ್ದವರು ಆರಕ್ಕೆ ಬಿದ್ದೆವು. ಕಳಿಸುವುದಾದರೆ ಗೋಲು ಹೊಡೆಯೋರು ಯಾರು ಅಂತ ಮೊದಲು ನೋಡಿಕೊಳ್ಳಿ. ಸೀಸನ್ ಮಧ್ಯದಲ್ಲಿ ಪತ್ರ ಕೊಡುವುದು ನನಗಂತೂ ಸರಿ ಕಾಣುತ್ತಿಲ್ಲ.

ಸೆಂಟರ್ ಬ್ಯಾಕ್, ಆಸ್ಟಿನ್ ಟೌನ್

ಪತ್ರ ಹಿಡಿದಿಟ್ಟುಕೊಂಡು 20ರ ಹುಡುಗನ ಒಂದು ವರ್ಷ ಹಾಳು ಮಾಡಬೇಡಿ. ಸುವಾರೆಜ್‌ಗೆ ವಾರಕ್ಕೆ ಸಂಬಳ ಬರುತ್ತಿತ್ತು. ಇವನಿಗೆ ಬಸ್ ಚಾರ್ಜೂ ಬಂದಿಲ್ಲ.

ಕ್ಲಬ್ ಖಜಾಂಚಿ, ಬೆಂಗಳೂರು

ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ನಾನು, ಹಿರಿಯರೊಬ್ಬರು ಕೈಯಿಂದ ಹಾಕಿ ಎಲ್ಲ ಹುಡುಗರ ಬಾಕಿ ತೀರಿಸಿದೆವು. ನಮ್ಮ ಕ್ಯಾಪ್ಟನ್ ಅವನ ಮನೆಗೆ ಹೋದ. ಕೋಚ್ ಬರಲಿಲ್ಲ, ನಾನೂ ಬೇಡ ಅಂದೆ. ಅಪ್ಪನಿಗೆ ಕೆಲಸ ಹೋಗಿದೆ, ಹುಡುಗ ಸಂಜೆಯಿಂದ ಮಧ್ಯರಾತ್ರಿವರೆಗೆ ಊಟ ಡೆಲಿವರಿ ಮಾಡುತ್ತಾನೆ. ಬೆಳಗ್ಗೆ 6ಕ್ಕೆ ಬರೋದು ಕಷ್ಟ ಅಂತ ಹೇಳಲು ಅವನಿಗೆ ನಾಚಿಕೆ.

ಮೂರು ಪಂದ್ಯ ನಾವೇ ಕೂರಿಸುತ್ತೇವೆ ಅಂದೆವು. ಜೆರ್ಸಿ ಎಸೆದದ್ದಕ್ಕೆ ಟೀಮಿನ ಮುಂದೆ ಮಾತಾಡಬೇಕು ಅಂದೆವು. ಸೀಸನ್ ಮುಗಿದ ದಿನ ಪತ್ರ ಕೊಡುತ್ತೇವೆ, ಹಣ ಕೇಳಲ್ಲ, ಅದನ್ನು ಈಗಲೇ ಬರೆದು ಕೊಟ್ಟಿದ್ದೇವೆ. ವಾರದಲ್ಲಿ ಎರಡು ದಿನ ಬಂದರೆ ಸಾಕು ಅಂತ ಕೋಚ್ ಒಪ್ಪಿದ್ದಾರೆ, ಮುಖ ಗಂಟು ಹಾಕಿಕೊಂಡೇ. ಹುಡುಗ ಇನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ.

ಆಸ್ಟಿನ್ ಟೌನ್ ತಮ್ಮ ಕೇಳಿದ್ದಕ್ಕೆ ಉತ್ತರ. ಆ ಡಿಫೆಂಡರ್ ಮನೆಗೂ ಹಣ್ಣು ತಗೊಂಡು ಹೋಗಿದ್ದೆ. ಮೂಗಿನ ಮೂಳೆ ಬಿರುಕು ಬಿಟ್ಟಿತ್ತಂತೆ, ಈಗ ವಾಸಿಯಾಗಿದೆ. ಅವರಮ್ಮ ಕಾಫಿ ಕೊಟ್ಟರು. ಅವನು ಮಾತ್ರ ಒಂದೇ ಮಾತು ಹೇಳಿದ. "ನೀವ್ಯಾಕೆ ಬಂದ್ರಿ ಅಂಕಲ್, ಅವನಿಗೆ ಮನೆ ಗೊತ್ತಿಲ್ವಾ?"