ಟಿಕೆಟ್‌ನಲ್ಲಿ ಒಂದು ಗಂಟೆ, ಮನೆಯಿಂದ ಮನೆಗೆ ಎಷ್ಟು?

ಜೆ.ಪಿ. ನಗರದಿಂದ ಪ್ರಶ್ನೆ: ಜುಲೈನಲ್ಲಿ ಅಮ್ಮನನ್ನು ಸುರತ್ಕಲ್‌ನ ಅಕ್ಕನ ಮನೆಗೆ ಕರೆದುಕೊಂಡು ಹೋಗಬೇಕು. ಅವರಿಗೆ 70 ವರ್ಷ, ಮಂಡಿ ನೋವು. ಬೆಂಗಳೂರು–ಮಂಗಳೂರು ವಿಮಾನ ಒಂದು ಗಂಟೆ ಅಂತ ತೋರಿಸುತ್ತದೆ. ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ? ಹೋಗಿ ಬಂದವರು ಹೇಳಿ.

ಬನಶಂಕರಿಯಿಂದ: ಹೆಂಡತಿಯ ತವರು ಆ ಕಡೆಯೇ, ಹಾಗಾಗಿ ಈ ದಾರಿ ನನಗೆ ಬಾಯಿಪಾಠ. ರಸ್ತೆಯಲ್ಲಿ ಸುಮಾರು 350 ಕಿ.ಮೀ., ಆಕಾಶದಲ್ಲಿ 300ರ ಆಸುಪಾಸು. ಹಾರುವುದು ಮುಕ್ಕಾಲು ಗಂಟೆ ಅಷ್ಟೇ. ಉಳಿದದ್ದು ರನ್‌ವೇ ತನಕ ಉರುಳಿಕೊಂಡು ಹೋಗಿ ಸರದಿ ಕಾಯುವುದು.

ಆದರೆ ಕಳೆದ ಸಲದ ಲೆಕ್ಕ ಕೇಳಿ. 10.30ರ ವಿಮಾನಕ್ಕೆ ಬೆಳಿಗ್ಗೆ 6.45ಕ್ಕೆ ಮನೆ ಬಿಟ್ಟೆವು. ಹೆಬ್ಬಾಳದಲ್ಲಿ ಎಂದಿನಂತೆ ನಿಂತೆವು. ದೇವನಹಳ್ಳಿ ಸೇರಿದಾಗ 8.40. ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಅದಕ್ಕೇ ಈ ಅವಸರ. ಬಜ್ಪೆಯಲ್ಲಿ ಇಳಿದು, ಬ್ಯಾಗ್ ತೆಗೆದುಕೊಂಡು, ಮಾವನ ಮನೆಯಲ್ಲಿ ಕೂತಾಗ 12.45. ಒಟ್ಟು ಆರು ಗಂಟೆ! ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಂಗಳೂರಲ್ಲೇ ಕಳೆದದ್ದು.

ಅಮ್ಮನಿಗೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಸಂಕೋಚ ಬೇಡ. ಟರ್ಮಿನಲ್ ಒಳಗಿನ ನಡಿಗೆ ಮಂಡಿಗೆ ಜಾಸ್ತಿಯೇ ಆಗುತ್ತದೆ. ಟರ್ಮಿನಲ್ 1 ಅಥವಾ 2, ಯಾವುದು ಅಂತಲೂ ಹಿಂದಿನ ದಿನವೇ ನೋಡಿಕೊಳ್ಳಿ.

ಯಲಹಂಕದಿಂದ: ನನಗೆ ಇದೇ ಪ್ರಯಾಣ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಸಲಹೆ ಕೊಡುವವರ ಮನೆ ಎಲ್ಲಿ ಅಂತ ಮೊದಲು ಕೇಳಿ ಸಾರ್!

ಇನ್ನೊಂದು ಮಾತು. ಜುಲೈ ಅಂದರೆ ಕರಾವಳಿಯಲ್ಲಿ ಜಡಿಮಳೆ. ಒಮ್ಮೆ ನಮ್ಮ ವಿಮಾನ ಬಜ್ಪೆ ಗುಡ್ಡದ ಮೇಲೆ ಎರಡು ಸುತ್ತು ಹೊಡೆದು ವಾಪಸ್ ಬೆಂಗಳೂರಿಗೇ ಬಂತು. ಪುಕ್ಕಟೆ ವಿಹಾರ. ಮಧ್ಯಾಹ್ನ ಮುಖ್ಯ ಕೆಲಸ ಇದ್ದರೆ ಅದೇ ಬೆಳಗಿನ ವಿಮಾನ ನಂಬಬೇಡಿ.

ಯಶವಂತಪುರದಿಂದ: ವಿಮಾನದ ಗೋಜೇ ಬೇಡ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸುರತ್ಕಲ್‌ನಲ್ಲೇ ನಿಲ್ಲುತ್ತದೆ. ರಾತ್ರಿ ಮಲಗಿದರೆ ನಸುಕಿಗೆ ಊರು. ಕೆಳಗಿನ ಬರ್ತ್‌ಗೆ ಹಿರಿಯರ ಕೋಟಾ ಇದೆ, ಅಮ್ಮನಿಗೆ ಹತ್ತುವ ಕಷ್ಟ ಇಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 55 ಕಿ.ಮೀ.ನಲ್ಲಿ 57 ಸುರಂಗ. ಅಲ್ಲಿ ರೈಲು ತೆವಳುತ್ತದೆ, ನೀವು ನಿದ್ದೆ ಹೊಡೆಯಿರಿ.

ಯಲಹಂಕದವರಿಂದ ಮತ್ತೆ: 2024ರ ಜುಲೈನಲ್ಲಿ ಅದೇ ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಂತಿದ್ದು ಮರೆತಿರಾ?

ಯಶವಂತಪುರದವರಿಂದ: ಮರೆತಿಲ್ಲ ಮಾರಾಯ್ರೆ. ಮಳೆಗೆ ಎಲ್ಲರೂ ಒಂದೇ. ಶಿರಾಡಿ ಮೇಲೆ ಬಸ್ ಹತ್ತಿದರೂ ಅದೇ ಗತಿ, ಜೊತೆಗೆ ತಿರುವುಗಳಲ್ಲಿ ಅಮ್ಮನಿಗೆ ವಾಂತಿ ಬೇರೆ.

ಪ್ರಶ್ನೆ ಕೇಳಿದವರಿಂದ: ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಹೋಗುವಾಗ ರಾತ್ರಿ ರೈಲಂತೆ. ಬರುವಾಗ ಹಗಲು ರೈಲೇ ಬೇಕಂತೆ, ಆ 57 ಸುರಂಗ ಎಣಿಸಬೇಕಂತೆ. ಹಗಲು ರೈಲು ಯಾವ ಯಾವ ದಿನ ಇದೆ, ಯಾರಾದರೂ ಹೇಳ್ತೀರಾ?