ಅಮಿಫಾಸ್ಟಿನ್: ನರಕ್ಕೋ, ಚರ್ಮದಡಿಗೋ?

ಖಾರ್ಘರ್, ನರ್ಸ್: ಕುತ್ತಿಗೆ ಕ್ಯಾನ್ಸರ್ ಆಪರೇಷನ್ ಆದವರಿಗೆ 30 ದಿನ ರೇಡಿಯೇಶನ್. ಬಾಯಿ ಒಣಗದಿರಲಿ ಅಂತ ಡಾಕ್ಟರು ದಿನಾ ಅಮಿಫಾಸ್ಟಿನ್ ಇಂಜೆಕ್ಷನ್ ಬರೆದಿದ್ದಾರೆ. ನರಕ್ಕೆ ಪುಶ್ ಆದ್ಮೇಲೆ ಬಿಪಿ ಇಳಿಯುತ್ತೆ, ವಾಂತಿ ಬೇರೆ. ಚರ್ಮದಡಿ ಕೊಡೋದು ವಾಸಿನಾ? ಕೊಟ್ಟು ಗೊತ್ತಿರೋರು ಹೇಳಿ.

ಮುಲುಂಡ್, ಫಾರ್ಮಸಿ: ಮೊದಲು ವಯಲ್ (ಔಷಧಿ ಸೀಸೆ) ಲೆಕ್ಕ ಕೇಳಿ. ನರಕ್ಕಾದ್ರೆ ಮೈಯ ಮೇಲ್ಮೈ ಚದರ ಮೀಟರಿಗೆ 200 ಮಿ.ಗ್ರಾಂ. ಮೈ ಅಳತೆ 1.6 ಇದ್ದವರಿಗೆ 320. ವಯಲ್‌ನಲ್ಲಿರೋದು 500. 9.7 ಮಿ.ಲೀ. ಸಲೈನಲ್ಲಿ ಕರಗಿಸಿದ್ರೆ ಒಟ್ಟು 10 ಆಗುತ್ತೆ, ಅದರಲ್ಲಿ 6.4 ಎಳೆದ್ರೆ ಉಳಿದ 180 ಮಿ.ಗ್ರಾಂ. ಬಕೆಟ್ಟಿಗೆ. 30 ದಿನಕ್ಕೆ 5,400. ಹತ್ತಿರ ಹತ್ತಿರ 11 ವಯಲ್ ದುಡ್ಡು ನೀರುಪಾಲು. ಚರ್ಮದಡಿಗೆ ಎಲ್ಲರಿಗೂ ಪೂರ್ತಿ 500, ಸಲೈನ್ 2.5 ಮಿ.ಲೀ. ಸಾಕು, ಎರಡು ಕಡೆ ಅರ್ಧರ್ಧ, ಕಿರಣಕ್ಕೆ 20ರಿಂದ 60 ನಿಮಿಷ ಮುಂಚೆ. ಚೆಲ್ಲೋದು ಏನೂ ಇಲ್ಲ.

ಪುಣೆ, ಡೇ ಕೇರ್ ಸಿಸ್ಟರ್: ವಯಲ್ ಉಳಿಸಾಕ ಹೋಗಿ ಚರ್ಮಾ ಕಳಕೊಳ್ಳೂದೇನ್ರಿ? ಲೇಬಲ್ಲಿನ್ಯಾಗ ಇರೂದು ನರದ ದಾರಿ ಒಂದ. ಚರ್ಮದಡಿ ಕೊಟ್ರ ಬಿಪಿ ಬೀಳೂದು ಕಡಿಮಿ ಖರೆ, ದದ್ದು ಜಾಸ್ತಿ. ಸೂಜಿ ಚುಚ್ಚಿದಲ್ಲಿ, ಕಿರಣ ಬಿದ್ದಲ್ಲಿ ಬಿಟ್ಟು ಬ್ಯಾರೆ ಕಡೆ ಎದ್ರ, ಇಲ್ಲಾ ಜ್ವರ ಕೂಡಿದ್ರ, ಅವತ್ತಿಗೇ ಬಂದ್ ಮಾಡಿ ಡಾಕ್ಟರನ್ನ ಕರೀರಿ. ನರಕ್ಕ ಕೊಡೂ ಮುಂದ ನೀರು ಚಲೋ ಕುಡಿಸಿರ್ಬೇಕು, ವಾಂತಿ ತಡಿಯೂ ಒಂಡಾನ್ಸೆಟ್ರಾನ್ ಒಳಗ ಹೋಗಿರ್ಬೇಕು. ಅಂಗಾತ ಮಲಗಿಸಿ, ಗಡಿಯಾರ ನೋಡಿ 3 ನಿಮಿಷ. ಶುರು ಮಾಡೂ ಮುಂದ ಒಮ್ಮೆ, ಮುಗಿದ ಕೂಡ್ಲೆ ಒಮ್ಮೆ ಬಿಪಿ. ಬಿದ್ರ ಕಾಲು ಎತ್ತಿ, ಬ್ಯಾರೆ ಲೈನಿನ್ಯಾಗ ಸಲೈನ್ ಬಿಡ್ರಿ. ಕುರ್ಚಿ ಮ್ಯಾಲೆ ಕುಂಡ್ರಿಸಿ ಕೊಟ್ಟು ಔಷಧಕ್ಕ ಬೈಬ್ಯಾಡ್ರಿ. ಇನ್ನ ಬಿಪಿ ಗುಳಿಗಿ 24 ತಾಸು ಮೊದ್ಲ ನಿಲ್ಲಿಸಬೇಕು. ಡೋಸ್ ದಿನಾ ಅಂದ್ರ ಆರು ವಾರ ಗುಳಿಗೀನ ಇಲ್ಲ! ಇದನ್ನ ಡಾಕ್ಟರೇ ಬರದು ಕೊಡಲಿ.

ಮುಲುಂಡ್, ಫಾರ್ಮಸಿ: ನರಕ್ಕೆ ಕೊಟ್ರೆ ಚರ್ಮ ಸುಲಿಯೋ ಸ್ಟೀವನ್ಸ್-ಜಾನ್ಸನ್ ಬರಲ್ವೇನಮ್ಮಾ? ಡಬ್ಬಿಯೊಳಗಿನ ಚೀಟಿ ಓದಿ.

ಪುಣೆ, ಡೇ ಕೇರ್ ಸಿಸ್ಟರ್: ಓದೇ ಕೊಡ್ತೀವ್ರಿ. ನೀವು ಕೌಂಟರ್ ಬಿಟ್ಟು ಒಮ್ಮೆ ವಾರ್ಡಿಗೆ ಬರ್ರಿ.

ಡೊಂಬಿವಲಿ, ಫಿಸಿಸಿಸ್ಟ್: ಇಬ್ರೂ ನಿಲ್ಲಿಸಿ ಮಾರಾಯ್ರೆ. ರೇಡಿಯೇಶನ್ ಪ್ಲಾನ್ ನೋಡಿದ್ರಾ? 1999ರಲ್ಲಿ ಅಮೆರಿಕದಲ್ಲಿ ಬಾಯಿ ಒಣಗುವುದಕ್ಕೆ ಈ ಔಷಧಿಗೆ ಒಪ್ಪಿಗೆ ಸಿಕ್ಕಿದಾಗ ಪರೋಟಿಡ್ (ಕಿವಿ ಹತ್ತಿರದ ಜೊಲ್ಲು ಗ್ರಂಥಿ) ಉಳಿಸುವ ಪ್ಲಾನ್ ಎಲ್ಲಿತ್ತು? ಈಗ ಗ್ರಂಥಿ ತಪ್ಪಿಸಿ ಕಿರಣ ಕೊಡುವ ಐಎಂಆರ್‌ಟಿಯಲ್ಲಿ ಎರಡು ಪರೋಟಿಡ್‌ಗೂ ಬೀಳುವ ಸರಾಸರಿ ಕಿರಣ 25 ಗ್ರೇ (ಕಿರಣದ ಅಳತೆ) ಒಳಗೆ, ಅದಾಗದಿದ್ರೆ ಒಂದನ್ನಾದ್ರೂ 20ರೊಳಗೆ ಇಡ್ಲಿಕ್ಕೆ ಆಗ್ತದೆ. ಆಮೇಲೆ ಈ ಚುಚ್ಚುವುದು ಯಾಕೆ? ನರಕ್ಕೆ ಕೊಡುವುದೇ ಆದ್ರೆ ಕಿರಣಕ್ಕೆ 15ರಿಂದ 30 ನಿಮಿಷ ಮೊದಲಿನ ಸಮಯ ಮಾತ್ರ ಉಂಟು. ಹಿಂದಿನ ಪೇಷೆಂಟ್ ಟೇಬಲ್ ಹತ್ತುವ ಮೊದಲೇ ಪುಶ್ ಮಾಡಿ, ಆಮೇಲೆ ಮೆಷಿನ್ ಟ್ರಿಪ್ ಆದ್ರೆ ಆ ದಿನದ ವಯಲ್ ದಂಡ. ರಕ್ತದಲ್ಲಿ ಅದು ನಿಮಿಷಗಳ ಲೆಕ್ಕ. ಪೇಷೆಂಟ್ ಬರುವ ಸೆಂಟ್ರಲ್ ಲೈನ್ ರೈಲು ನಂಬಿ ಮೊದಲೇ ಕರಗಿಸಿ ಇಡ್ಬೇಡಿ. 25 ಡಿಗ್ರಿಯಲ್ಲಿ 5 ಗಂಟೆ ಮಾತ್ರ, ನಮ್ಮ ಮೇ ತಿಂಗಳಲ್ಲಿ ಅಲ್ಲ.

ಪುಣೆ, ಡೇ ಕೇರ್ ಸಿಸ್ಟರ್: ಪರೋಟಿಡ್ ಉಳಿಸಿದ್ರಿ, ಸಬ್‌ಮ್ಯಾಂಡಿಬ್ಯುಲರ್, ದವಡಿ ಕೆಳಗಿನ ಜೊಲ್ಲು ಗ್ರಂಥಿ? ರಾತ್ರಿ ಬಾಯಿ ಅಂಟೂದು ಅದರಿಂದ.

ಡೊಂಬಿವಲಿ, ಫಿಸಿಸಿಸ್ಟ್: ಅದನ್ನೂ 35 ಗ್ರೇ ಒಳಗೆ ಇಡುವ ಪ್ರಯತ್ನ ಮಾಡ್ತೇವೆ. 1ಬಿ ನೋಡ್, ಅಂದ್ರೆ ಅಲ್ಲೇ ಇರುವ ಲಿಂಫ್ ಗಂಟು, ಟಾರ್ಗೆಟ್‌ನಲ್ಲಿದ್ರೆ ಎಲ್ಲಿಂದ ಇಡುವುದು?

ಮುಲುಂಡ್, ಫಾರ್ಮಸಿ: ಹಾಗಾದ್ರೆ ಔಷಧಿ ಬೇಕು ಅಂತ ನೀವೇ ಒಪ್ಪಿದ್ರಿ!

ಖಾರ್ಘರ್, ನರ್ಸ್: ಚರ್ಮದಡಿ ಕೊಡೋವಾಗ್ಲೂ ಒಂಡಾನ್ಸೆಟ್ರಾನ್ ಬೇಕಾ? ಅದಷ್ಟು ಯಾರಾದ್ರೂ ಹೇಳಿ.